ಪರದೆ ಕಾರಿನದು, ಆಟ ಫೋನಿನದು

ನಮ್ಮ ಭಾವನ ಕಾರು 2016ರದು. ಎಂಜಿನ್ ಇನ್ನೂ ಗಟ್ಟಿಯಾಗಿದೆ, ಬಣ್ಣ ಮಾಸಿಲ್ಲ, ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿಬಂದರೂ ಬೆನ್ನು ನೋಯುವುದಿಲ್ಲ. ಮುಪ್ಪು ಬಂದಿರುವುದು ಡ್ಯಾಶ್‌ಬೋರ್ಡಿನ ನಡುವಿನ ಏಳಿಂಚಿನ ಪರದೆಗೆ ಮಾತ್ರ. ಅದರಲ್ಲಿ ರೇಡಿಯೊ ಬರುತ್ತದೆ, ಬ್ಲೂಟೂತ್‌ನಲ್ಲಿ ಕರೆ ಬರುತ್ತದೆ. ಪೆನ್‌ಡ್ರೈವ್ ಚುಚ್ಚಿದರೆ ಹಾಡೂ ಬರುತ್ತದೆ, ಆದರೆ ಹಾಡಿನ ಹೆಸರು ಕನ್ನಡದಲ್ಲಿದ್ದರೆ ಅಕ್ಷರಗಳ ಜಾಗದಲ್ಲಿ ಸಾಲಾಗಿ ಖಾಲಿ ಚೌಕಗಳು ಕಾಣುತ್ತವೆ. ದಾರಿ ನೋಡಬೇಕೆಂದರೆ ಫೋನನ್ನು ಗೇರಿನ ಮುಂದಿನ ಗುಳಿಯಲ್ಲಿಟ್ಟು, ರಸ್ತೆಯ ಮೇಲಿರಬೇಕಾದ ಕಣ್ಣನ್ನು ಆಗಾಗ ಅಲ್ಲಿಗೆ ಇಳಿಸಬೇಕು.

ಕಳೆದ ಬೇಸಿಗೆಯಲ್ಲಿ, ಫೋನಿನ ನಕ್ಷೆ, ಹಾಡುಗಳನ್ನು ಕಾರಿನ ಪರದೆಯಲ್ಲೇ ತೋರಿಸುವ ಆಂಡ್ರಾಯ್ಡ್ ಆಟೊ ಹಾಕಿಸಿ ಇದಕ್ಕೊಂದು ಗತಿ ಕಾಣಿಸೋಣವೆಂದು ಇಬ್ಬರೂ ದಾವಣಗೆರೆಯ ಹಳೆಯ ಪಿ.ಬಿ. ರಸ್ತೆಗೆ ಹೊರಟೆವು. ಮೊದಲ ಅಂಗಡಿಯವರು ಪರದೆಯನ್ನು ನೋಡಿದ್ದೇ ತಡ, "ಸಾಫ್ಟ್‌ವೇರ್ ಹಾಕಿದರೆ ಬರುತ್ತದೆ ಸರ್, ಸಂಜೆ ಬನ್ನಿ" ಎಂದರು. ಎರಡನೆಯವರು "ಇದರಲ್ಲಿ ಏನೂ ಬರುವುದಿಲ್ಲ, ಇಡೀ ಸೆಟ್ ಬದಲಿಸಬೇಕು" ಎಂದರು. ಮೂರನೆಯವರು ಗಾಜಿನ ಕಪಾಟಿನಿಂದ ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ, ಬೆಂಕಿಪೊಟ್ಟಣದಷ್ಟು ಗಾತ್ರದ ಡಾಂಗಲ್ ಒಂದನ್ನು ತೆಗೆದು ಮೇಜಿನ ಮೇಲಿಟ್ಟು, "ಇದಿಷ್ಟೇ ಸಾಕು" ಎಂದರು. ಹೊರಗೆ ಬಂದ ಮೇಲೆ ಭಾವ ಕೇಳಿದರು: "ಮೂವರಲ್ಲಿ ಸುಳ್ಳು ಹೇಳುತ್ತಿರುವವರು ಯಾರಪ್ಪ?"

ತಮಾಷೆಯೆಂದರೆ ಮೂರೂ ಮಾತು ನಿಜ, ಬೇರೆ ಬೇರೆ ಕಾರುಗಳ ಮಟ್ಟಿಗೆ. ಭಾವನ ಕಾರಿಗೆ ಯಾವುದು ನಿಜವೆಂದು ತಿಳಿಯಬೇಕಾದರೆ ಪರದೆಯ ಹಿಂದೆ ಏನು ನಡೆಯುತ್ತದೆ ಎಂಬುದನ್ನು ಇಣುಕಿ ನೋಡಬೇಕು.

ಆಂಡ್ರಾಯ್ಡ್ ಆಟೊ, ಐಫೋನಿನವರಿಗೆ ಅಂಥದ್ದೇ ಆದ ಆಪಲ್ ಕಾರ್‌ಪ್ಲೇ ಎಂಬ ಹೆಸರು ಕೇಳಿದವರಲ್ಲಿ ಬಹಳ ಮಂದಿ ಅವು ಕಾರಿನೊಳಗೆ ತುಂಬುವ ಆ್ಯಪ್‌ಗಳು ಎಂದುಕೊಂಡಿರುತ್ತಾರೆ. ನಮ್ಮ ಕಡೆಯ ತೊಗಲುಗೊಂಬೆಯಾಟವನ್ನು ಒಮ್ಮೆಯಾದರೂ ನೋಡಿದವರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ. ಬಿಳಿಯ ಪರದೆಗೆ ರಾಮಾಯಣ ಗೊತ್ತಿಲ್ಲ. ಕಥೆ, ಗೊಂಬೆ, ದೀಪ, ಹಾಡು ಎಲ್ಲವೂ ಹಿಂದೆ ಕುಳಿತವನ ಬಳಿ ಇವೆ. ಪರದೆ ನೆರಳನ್ನು ಹಿಡಿದು ತೋರಿಸುತ್ತದೆ, ಅಷ್ಟೆ. ಆಂಡ್ರಾಯ್ಡ್ ಆಟೊದಲ್ಲಿ ಹಿಂದೆ ಕುಳಿತವನು ನಿಮ್ಮ ಜೇಬಿನ ಫೋನು. ನಕ್ಷೆಯನ್ನು ಬಿಡಿಸುವುದು, ದಾರಿಯ ಲೆಕ್ಕ ಹಾಕುವುದು, ಹಾಡನ್ನು ಇಂಟರ್‌ನೆಟ್‌ನಿಂದ ಎಳೆದು ತರುವುದು, ನಿಮ್ಮ ಮಾತನ್ನು ಅರ್ಥ ಮಾಡಿಕೊಳ್ಳುವುದು, ಎಲ್ಲವೂ ಫೋನಿನಲ್ಲೇ. ಕಾರಿನ ಪರದೆಗೆ ಹೋಗುವುದು ಒಂದು ವಿಡಿಯೊ. ಗೊಂಬೆಯಾಟಕ್ಕೂ ಇದಕ್ಕೂ ಇರುವ ವ್ಯತ್ಯಾಸವೆಂದರೆ ಇಲ್ಲಿ ಪ್ರೇಕ್ಷಕ ಪರದೆಯನ್ನು ಮುಟ್ಟಬಹುದು. ಬೆರಳು ಎಲ್ಲಿ ತಾಗಿತು ಎಂಬ ಅಂಕಿ ತಂತಿಯ ಮೂಲಕ ಹಿಂದಕ್ಕೆ ಹೋಗುತ್ತದೆ, ಗೊಂಬೆ ಅದಕ್ಕೆ ತಕ್ಕಂತೆ ಕುಣಿಯುತ್ತದೆ.

ಇಷ್ಟು ಗೊತ್ತಾದರೆ ಅರ್ಧ ಗೊಂದಲ ಹರಿಯಿತು. ಹಳೆಯ ಕಾರಿಗೆ ಬೇಕಾಗಿರುವುದು ಹೊಸ ಬುದ್ಧಿಯಲ್ಲ, ಬುದ್ಧಿ ಫೋನಿನಲ್ಲಿದೆ. ಹಾಗಾದರೆ ಪರದೆಗೆ ಏನೇನು ಇರಬೇಕು?

ಮೊದಲನೆಯದು, ವಿಡಿಯೊ ಬರುವುದಕ್ಕೆ ದಾರಿ. ಆಂಡ್ರಾಯ್ಡ್ ಆಟೊದ ಅತಿ ಸಣ್ಣ ಚಿತ್ರ 800 ಅಡ್ಡ, 480 ಉದ್ದದ ಚುಕ್ಕಿಗಳದ್ದು. ಒಂದು ಚುಕ್ಕಿಯ ಬಣ್ಣಕ್ಕೆ ಮೂರು ಬೈಟ್ ಹಿಡಿದರೆ ಒಂದು ಚಿತ್ರಕ್ಕೆ ಹನ್ನೊಂದೂವರೆ ಲಕ್ಷ ಬೈಟ್. ಸೆಕೆಂಡಿಗೆ 30 ಚಿತ್ರವೆಂದರೆ ಸುಮಾರು 34 ಮೆಗಾಬೈಟ್, ಪ್ರತಿ ಸೆಕೆಂಡಿಗೂ. ಹಸಿಹಸಿಯಾಗಿ ಇಷ್ಟನ್ನು ಸಾಗಿಸುವುದು ದಂಡ. ಆದ್ದರಿಂದ ಫೋನು ಚಿತ್ರವನ್ನು ಎಚ್.264 ಎಂಬ ಪದ್ಧತಿಯಲ್ಲಿ ಒತ್ತಿ ಚಿಕ್ಕದು ಮಾಡುತ್ತದೆ. ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಬದಲಾದ ಭಾಗವನ್ನಷ್ಟೇ ಕಳುಹಿಸುವುದು ಅದರ ಜಾಣತನ. ನಾವು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವ ಮದುವೆಯ ವಿಡಿಯೊಗಳನ್ನು ಮಡಚುವುದೂ ಬಹುಪಾಲು ಇದೇ ಪದ್ಧತಿ. ಹೀಗೆ ಮಡಚಿದ್ದನ್ನು ಕಾರಿನ ಪರದೆಯ ಹಿಂದಿರುವ ಚಿಪ್ ತಡವಿಲ್ಲದೆ ಬಿಡಿಸಬೇಕು. ಇದೇ ಎರಡನೆಯ ಅಗತ್ಯ. ರೇಡಿಯೊ ಮತ್ತು ಬ್ಲೂಟೂತ್‌ಗಾಗಿಯೇ ಮಾಡಿದ ಅಗ್ಗದ ಚಿಪ್‌ಗೆ ಆ ಕಸುವು ಇಲ್ಲದಿದ್ದರೆ ಯಾವ ಸಾಫ್ಟ್‌ವೇರ್ ಹಾಕಿದರೂ ಚಿತ್ರ ತಡವರಿಸುತ್ತದೆ, ಇಲ್ಲವೇ ಬರುವುದೇ ಇಲ್ಲ.

ದಾರಿಯ ವಿಷಯಕ್ಕೆ ಬಂದರೆ, ಕಾರಿನಲ್ಲಿ ಕಾಣುವ ಯುಎಸ್‌ಬಿ ಕಿಂಡಿಗಳೆಲ್ಲ ಒಂದೇ ಅಲ್ಲ. ಕೆಲವಕ್ಕೆ ವಿದ್ಯುತ್ತಿನ ಎರಡು ತಂತಿ ಮಾತ್ರ ಇರುತ್ತವೆ, ಮಾಹಿತಿಯ ಎರಡು ತಂತಿ ಇರುವುದಿಲ್ಲ. ಅಂಥದ್ದು ಚಾರ್ಜ್‌ಗೆ ಮಾತ್ರ. ಪರೀಕ್ಷೆ ಸುಲಭ. ಪೆನ್‌ಡ್ರೈವ್ ಚುಚ್ಚಿದಾಗ ಹಾಡು ಬಂದರೆ ಆ ಕಿಂಡಿಗೆ ಮಾಹಿತಿಯ ತಂತಿ ಇದೆ.

ಮೂರನೆಯ ಅಗತ್ಯವೇ ನಿಜವಾದ ತಕರಾರು, ಅದನ್ನು ಅಂಗಡಿಯವರು ಯಾರೂ ಹೇಳುವುದಿಲ್ಲ: ಬೀಗದ ಕೈ.

ಫೋನನ್ನು ಕೇಬಲ್‌ನಿಂದ ಸ್ಟೀರಿಯೊಗೆ, ಅಂದರೆ ಪರದೆಯಿರುವ ಆ ಸೆಟ್‌ಗೆ, ಸಿಕ್ಕಿಸಿದ ಕ್ಷಣದಿಂದ ನೋಡೋಣ. ಯುಎಸ್‌ಬಿಯಲ್ಲಿ ಯಾವಾಗಲೂ ಒಬ್ಬರು ಯಜಮಾನರು, ಇನ್ನೊಬ್ಬರು ಅತಿಥಿ. ಇಲ್ಲಿ ಯಜಮಾನಿಕೆ ಕಾರಿನದು. ಅದು ಫೋನನ್ನು "ನಿನಗೆ ಪರಿಕರದ ಭಾಷೆ ಬರುತ್ತದೆಯೇ?" ಎಂದು ಕೇಳುತ್ತದೆ. ಆಂಡ್ರಾಯ್ಡ್ ಫೋನುಗಳಿಗೆ ಹೊರಗಿನ ಪರಿಕರಗಳೊಡನೆ ಹೀಗೆ ಮಾತನಾಡುವ ಪದ್ಧತಿಯನ್ನು ಗೂಗಲ್ 2011ರಲ್ಲೇ ಕೊಟ್ಟಿತ್ತು. ಫೋನು ಹೌದೆಂದರೆ ಸಂಪರ್ಕ ಒಮ್ಮೆ ಕಡಿದು ಹೊಸ ವೇಷದಲ್ಲಿ ಮತ್ತೆ ಕೂಡುತ್ತದೆ. ಸಿಕ್ಕಿಸಿದ ಕೂಡಲೇ ಫೋನಿನಲ್ಲಿ ಎರಡು ಬಾರಿ ಸದ್ದಾಗುವುದನ್ನು ಗಮನಿಸಿದ್ದರೆ ಅದರ ಕಾರಣ ಇದು. ಆಮೇಲೆ ಗುರುತಿನ ಚೀಟಿಯ ಸರದಿ. ಬ್ಯಾಂಕಿನ ಜಾಲತಾಣ ತೆರೆದಾಗ ಬ್ರೌಸರ್ ಹೇಗೆ ಅದರ ಪ್ರಮಾಣಪತ್ರವನ್ನು ನೋಡುತ್ತದೆಯೋ ಹಾಗೆಯೇ ಇಲ್ಲೂ ಕಾರಿನ ಸೆಟ್ ತನ್ನ ಪ್ರಮಾಣಪತ್ರವನ್ನು ತೋರಿಸಬೇಕು. ಅದು ಒಪ್ಪಿಗೆಯಾದರೆ ಮಾತುಕತೆಯೆಲ್ಲ ಗೂಢಲಿಪಿಯೊಳಗೆ ಸೇರಿಕೊಳ್ಳುತ್ತದೆ, ಅದರೊಳಗೆ ಒಂದೊಂದಾಗಿ ಕಾಲುವೆಗಳು ತೆರೆದುಕೊಳ್ಳುತ್ತವೆ: ಚಿತ್ರಕ್ಕೆ ಒಂದು, ಹಾಡಿಗೆ ಒಂದು, "ಮುಂದೆ ಬಲಕ್ಕೆ ತಿರುಗಿ" ಎಂಬ ದನಿಗೆ ಬೇರೊಂದು, ಮೈಕಿನದೊಂದು, ಬೆರಳಿನದೊಂದು. ಹಾಡಿಗೂ ದಾರಿ ಹೇಳುವ ದನಿಗೂ ಪ್ರತ್ಯೇಕ ಕಾಲುವೆ ಇರುವುದರಿಂದಲೇ ತಿರುವು ಬಂದಾಗ ಹಾಡು ತಾನಾಗಿ ತಗ್ಗಿ, ಆಮೇಲೆ ಏರುವುದು. ಕಾರಿನ ಕಡೆಯಿಂದಲೂ ಸುದ್ದಿ ಹೋಗುತ್ತದೆ. ಹೆಡ್‌ಲೈಟ್ ಹಾಕಿದಿರಿ ಎಂಬುದನ್ನು ಕಾರು ತಿಳಿಸಿದರೆ ನಕ್ಷೆ ಕಪ್ಪು ಬಣ್ಣಕ್ಕೆ ತಿರುಗುತ್ತದೆ; ಗಾಡಿ ಚಲಿಸುತ್ತಿದೆ ಎಂದು ತಿಳಿಸಿದರೆ ಅಕ್ಷರ ಒತ್ತುವ ಕೀಲಿಮಣೆ ಮುಚ್ಚಿಕೊಳ್ಳುತ್ತದೆ.

ಐಫೋನಿನ ಬೀಗ ಇನ್ನೂ ಬಿಗಿ. ಆಪಲ್ ಕಂಪನಿಯ ಒಪ್ಪಿಗೆ ಪಡೆದ ಸಾಧನದಲ್ಲಿ ಗುರುತು ಹೇಳುವುದಕ್ಕೆಂದೇ ಒಂದು ಪುಟ್ಟ ಚಿಪ್ ಇರಬೇಕೆಂಬುದು ಕಾರ್‌ಪ್ಲೇಯ ಮೂಲ ನಿಯಮ. ಆ ಚಿಪ್ ಸೆಟ್ಟಿನೊಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೆ ಇಲ್ಲದಿದ್ದರೆ ಸಾಫ್ಟ್‌ವೇರ್ ಎಷ್ಟು ಸುರಿದರೂ ಐಫೋನು ಮುಖ ಎತ್ತುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ 2016ರ ಕಾರಿಗೆ ಇದು ಏಕೆ ಹುಟ್ಟಿನಿಂದಲೇ ಬರಲಿಲ್ಲ ಎಂಬುದೂ ಅರ್ಥವಾಗುತ್ತದೆ. ಆಪಲ್ ತನ್ನ ಯೋಜನೆಯನ್ನು 2013ರ ಜೂನ್‌ನಲ್ಲಿ ಬಾಯಿಮಾತಿನಲ್ಲಿ ಹೇಳಿ, 2014ರ ಮಾರ್ಚ್‌ನಲ್ಲಿ ಜಿನೀವಾದ ವಾಹನ ಮೇಳದಲ್ಲಿ ಕಾರ್‌ಪ್ಲೇ ಎಂಬ ಹೆಸರಿಟ್ಟು ತೋರಿಸಿತು. ಆಂಡ್ರಾಯ್ಡ್ ಆಟೊ 2014ರ ಜೂನ್‌ನಲ್ಲಿ ಪ್ರಕಟವಾಗಿ 2015ರಲ್ಲಿ ಜನರ ಕೈಗೆ ಬಂತು. ತನ್ನ ಮೂಲ ಸೆಟ್ಟಿನಲ್ಲೇ ಅದನ್ನು ಪಡೆದ ಮೊದಲ ಕಾರು ಹ್ಯುಂಡೈ ಸೊನಾಟಾ. ಒಂದು ಕಾರಿನ ಸ್ಟೀರಿಯೊ ಹೇಗಿರಬೇಕೆಂಬುದು ಕಾರು ಅಂಗಡಿಗೆ ಬರುವ ಎರಡು ಮೂರು ವರ್ಷ ಮೊದಲೇ ನಿಶ್ಚಯವಾಗಿರುತ್ತದೆ. ಆದ್ದರಿಂದ 2013ರಿಂದ 2017ರವರೆಗಿನ ಎಷ್ಟೋ ಕಾರುಗಳು ಹೊಸಿಲ ಮೇಲೆ ನಿಂತವು, ಪರದೆ ಇದೆ, ಒಳಗೆ ಕರೆಯುವ ಬಾಯಿಲ್ಲ. ಆ ಕಾಲದಲ್ಲಿ ಮಿರರ್‌ಲಿಂಕ್ ಎಂಬ ಮೂರನೆಯ ಪದ್ಧತಿಯೂ ಇತ್ತು, ಹಲವು ಕಾರು ಮತ್ತು ಫೋನು ಕಂಪನಿಗಳು 2011ರಲ್ಲಿ ಒಟ್ಟು ಸೇರಿ ಕಟ್ಟಿದ್ದು. ಅದನ್ನು ನಂಬಿದವರ ಕೈಗೆ ತೆಂಗಿನ ಚಿಪ್ಪು ಬಂತು. ಸ್ಯಾಮ್‌ಸಂಗ್ 2020ರಲ್ಲಿ ಬೆಂಬಲ ನಿಲ್ಲಿಸಿತು. ಹಳೆಯ ಕಾರಿನ ಮಾಹಿತಿಪತ್ರದಲ್ಲಿ ಮಿರರ್‌ಲಿಂಕ್ ಎಂದು ಬರೆದಿದ್ದರೆ ಅದನ್ನು ಈಗ ಲೆಕ್ಕಕ್ಕೆ ಹಿಡಿಯಬೇಡಿ.

ಸಾಫ್ಟ್‌ವೇರ್ ಹಾಕಿ ಹಳೆಯ ಕಾರಿಗೆ ಇದನ್ನು ಕೊಟ್ಟ ಉದಾಹರಣೆ ಇಲ್ಲವೆಂದಲ್ಲ. ಜಪಾನಿನ ಮಾಜ್ದಾ ಕಂಪನಿಯ ಕಥೆ ಈ ವಿಷಯದಲ್ಲಿ ಪಾಠದಂತಿದೆ. ಅವರ ಕಾರುಗಳ ಪರದೆಯ ಹಿಂದೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆ ಓಡುತ್ತಿತ್ತು. ಕಂಪನಿ ಆಂಡ್ರಾಯ್ಡ್ ಆಟೊ ಕೊಡದೆ ವರ್ಷಗಟ್ಟಲೆ ಸತಾಯಿಸಿದಾಗ, ಹವ್ಯಾಸಿ ಪ್ರೋಗ್ರಾಮರ್‌ಗಳೇ ಫೋನಿನ ಭಾಷೆಯನ್ನು ಬಿಡಿಸಿ ಅರ್ಥ ಮಾಡಿಕೊಂಡು, ಮುಕ್ತವಾಗಿ ಹಂಚಿದ ಕೋಡ್ ಬಳಸಿ ಆ ಪರದೆಯಲ್ಲಿ ಆಂಡ್ರಾಯ್ಡ್ ಆಟೊ ಮೂಡಿಸಿದರು. ಅದೇ ಕಂಪನಿ 2018ರಲ್ಲಿ ಅಧಿಕೃತವಾಗಿ 2014ರಿಂದೀಚಿನ ಕಾರುಗಳಿಗೆ ಈ ಸೌಲಭ್ಯ ಕೊಟ್ಟಾಗ ಮಾಡಿದ್ದೇನು? ಹೊಸ ಸಾಫ್ಟ್‌ವೇರ್ ತುಂಬಿದ್ದರ ಜೊತೆಗೆ ಯುಎಸ್‌ಬಿ ಕಿಂಡಿಗಳಿರುವ ಹಬ್ ಎಂಬ ಡಬ್ಬಿ ಮತ್ತು ಅದರ ತಂತಿಗಳನ್ನೂ ಬದಲಿಸಿದರು. ಅಂದರೆ ಸ್ವತಃ ಕಾರು ಮಾಡಿದವರಿಗೂ ಬರೀ ಸಾಫ್ಟ್‌ವೇರ್ ಸಾಲಲಿಲ್ಲ. ಹವ್ಯಾಸಿಗಳ ದಾರಿಯಲ್ಲಿ ಇನ್ನೊಂದು ಅಪಾಯವಿದೆ. ಅವರು ಒಳನುಗ್ಗಿದ ಕಿಂಡಿಗಳನ್ನು ಕಂಪನಿ ಮುಂದಿನ ಅಪ್‌ಡೇಟ್‌ಗಳಲ್ಲಿ ಮುಚ್ಚುತ್ತಾ ಬಂತು. ತುಂಬುವಾಗ ನಡುವೆ ಕರೆಂಟ್ ಹೋದರೆ ಪರದೆ ಸತ್ತುಹೋಗುವುದೂ ಉಂಟು. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ತಂದು ಅದನ್ನೇ ಸ್ಟೀರಿಯೊದಂತೆ ನಟಿಸುವ ಹಾಗೆ ಮಾಡುವ ಸಾಫ್ಟ್‌ವೇರ್ ಕೂಡ ಇದೆ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದಿದವನಾದ ನನಗೆ ಅದನ್ನು ಮೇಜಿನ ಮೇಲೆ ಕಟ್ಟಿ ನೋಡುವುದರಲ್ಲಿ ಒಂದು ಭಾನುವಾರ ಹೋದದ್ದು ಬೇಸರ ತರಲಿಲ್ಲ. ಆದರೆ ಭಾವನ ಕಾರಿಗೆ ಅದನ್ನು ಕೂರಿಸುವ ಧೈರ್ಯ ಬರಲಿಲ್ಲ.

ಈಗ ಮೂರು ಅಂಗಡಿಗಳಿಗೆ ಮರಳೋಣ.

ಮೊದಲನೆಯವರ ಮಾತು ನಿಜವಾಗುವುದು ನಿಮ್ಮ ಕಾರಿನ ಮಾದರಿಗೆ ಕಂಪನಿಯೇ ಅಪ್‌ಡೇಟ್ ಬಿಟ್ಟಿದ್ದರೆ. ಫೋರ್ಡ್ ತನ್ನ ಸಿಂಕ್ 3 ವ್ಯವಸ್ಥೆಗೆ ಹೀಗೆ ಕೊಟ್ಟಿತು. ಫೋಕ್ಸ್‌ವ್ಯಾಗನ್ ಗುಂಪಿನ ಕೆಲವು ಸೆಟ್‌ಗಳಲ್ಲಿ ಸೌಲಭ್ಯ ಮೊದಲಿನಿಂದಲೂ ಒಳಗೇ ಮಲಗಿರುತ್ತದೆ, ಸಂಕೇತ ಕೊಟ್ಟು ಎಬ್ಬಿಸಬೇಕಷ್ಟೆ. ಸೆಟ್ಟಿಂಗ್ಸ್‌ನೊಳಗೆ ಹೋಗಿ ಸಾಫ್ಟ್‌ವೇರ್ ಆವೃತ್ತಿಯನ್ನು ಬರೆದುಕೊಂಡು, ಆರ್‌ಸಿಯಲ್ಲಿರುವ ಚಾಸಿ ನಂಬರ್ ಸಮೇತ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಕೇಳುವುದಕ್ಕೆ ಖರ್ಚಿಲ್ಲ. ಎಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸ ಇದು. ನಾವು ಮಾಡಿದ್ದು ಕೊನೆಗೆ. ಭಾವನ ಸೆಟ್‌ಗೆ ಅಪ್‌ಡೇಟ್ ಇಲ್ಲ, ಅದೇ ಮಾದರಿಯ ನಂತರದ ಕಾರುಗಳಿಗೆ ಬಂದಿರುವುದು ಬೇರೆಯೇ ಬೋರ್ಡ್ ಎಂದು ಅಲ್ಲಿ ತಿಳಿಯಿತು. ಹಾಗಾದರೆ ಮೊದಲ ಅಂಗಡಿಯವರು ಸಂಜೆಯ ಹೊತ್ತಿಗೆ ಹಾಕಲಿದ್ದದ್ದು ಏನು? ಮತ್ತೆ ಹೋಗಿ ಕೇಳಿದೆ. "ನೆಟ್‌ನಲ್ಲಿ ಫೈಲ್ ಸಿಗುತ್ತದೆ ಸರ್" ಎಂದರು. ಯಾವ ಬೋರ್ಡಿನದೆಂದು ಗೊತ್ತಿಲ್ಲದ ಫೈಲನ್ನು ಕಾರಿನ ಸೆಟ್‌ಗೆ ತುಂಬುವುದು ಬೇರೆಯವರ ಔಷಧ ಚೀಟಿಯಲ್ಲಿ ಮಾತ್ರೆ ನುಂಗಿದಂತೆ. ನಮಸ್ಕಾರ ಹೇಳಿ ಬಂದೆವು.

ಮೂರನೆಯವರ ಡಾಂಗಲ್‌ನ ವಿಷಯ ಹೆಚ್ಚು ಸ್ವಾರಸ್ಯಕರ, ಏಕೆಂದರೆ ನೋಡುವುದಕ್ಕೆ ಒಂದೇ ಥರ ಇರುವ ಎರಡು ಡಾಂಗಲ್‌ಗಳಿವೆ, ಅವುಗಳ ಕೆಲಸ ಪೂರ್ತಿ ಬೇರೆ. ಒಂದು ಜಾತಿಯದು, ಕೇಬಲ್ ಮೂಲಕ ಆಂಡ್ರಾಯ್ಡ್ ಆಟೊ ಈಗಾಗಲೇ ಬರುವ ಕಾರಿಗೆ ತಂತಿಯ ಕಾಟ ತಪ್ಪಿಸುವಂಥದ್ದು. ಅದು ಮದುವೆ ದಲ್ಲಾಳಿಯ ಹಾಗೆ, ಕಾರಿನ ಎದುರು ತಾನೇ ಫೋನೆಂದು ಹೇಳುತ್ತದೆ, ಫೋನಿನ ಎದುರು ತಾನೇ ಕಾರೆಂದು ಹೇಳುತ್ತದೆ. ಬ್ಲೂಟೂತ್‌ನಲ್ಲಿ ಪರಿಚಯ ಮುಗಿಸಿ, ಆಮೇಲೆ ವೈಫೈ ಮೂಲಕ ಚಿತ್ರವನ್ನು ಪಡೆದು ಯುಎಸ್‌ಬಿಗೆ ದಾಟಿಸುತ್ತದೆ. ಬ್ಲೂಟೂತ್‌ಗೆ ಅಷ್ಟು ಚಿತ್ರವನ್ನು ಹೊರುವ ಶಕ್ತಿ ಇಲ್ಲ, ಅದಕ್ಕೇ ವೈಫೈ. ಫೋನಿನಲ್ಲಿ ಆಂಡ್ರಾಯ್ಡ್ 11 ಅಥವಾ ಅದಕ್ಕೂ ಹೊಸದು ಇದ್ದು, 5 ಗಿಗಾಹರ್ಟ್ಸ್‌ನ ವೈಫೈ ಇದ್ದರೆ ಇದು ನಡೆಯುತ್ತದೆ. ಎರಡನೆಯ ಜಾತಿಯ ಡಾಂಗಲ್, ಆಂಡ್ರಾಯ್ಡ್‌ನಲ್ಲಿ ಓಡುವ ಸ್ಟೀರಿಯೊಗಳಿಗೆ ಕಾರ್‌ಪ್ಲೇ ಅಥವಾ ಆಂಡ್ರಾಯ್ಡ್ ಆಟೊ ಸೇರಿಸುವುದು. ಜೊತೆಗೆ ಒಂದು ಆ್ಯಪ್ ಹಾಕಿಕೊಳ್ಳಬೇಕು. ಭಾವನ ಸೆಟ್‌ಗೆ ಎರಡೂ ನಿರರ್ಥಕ. ಕೇಬಲ್‌ನಲ್ಲೇ ಬಾರದ್ದು ಗಾಳಿಯಲ್ಲಿ ಬರುವುದಿಲ್ಲ. ಆ್ಯಪ್ ಹಾಕಲು ಅದು ಆಂಡ್ರಾಯ್ಡ್ ಸೆಟ್ಟೂ ಅಲ್ಲ.

ಇಲ್ಲಿ ಹೆಸರುಗಳ ಒಂದು ಗೋಜಲನ್ನು ಬಿಡಿಸಲೇಬೇಕು, ಹಣ ಕಳೆದುಕೊಳ್ಳುವುದು ಇಲ್ಲಿಯೇ. "ಆಂಡ್ರಾಯ್ಡ್ ಸ್ಟೀರಿಯೊ" ಎಂದು ಅಂಗಡಿಗಳಲ್ಲಿ ಮಾರುವುದು ಹೆಚ್ಚುಕಡಿಮೆ ಒಂದು ಟ್ಯಾಬ್ಲೆಟ್. ಅದರಲ್ಲಿ ನಕ್ಷೆ, ಯೂಟ್ಯೂಬ್ ಎಲ್ಲ ಅದರದೇ ಹೊಟ್ಟೆಯಲ್ಲಿರುತ್ತವೆ. ಇಂಟರ್‌ನೆಟ್‌ಗೆ ಸಿಮ್ ಅಥವಾ ಫೋನಿನ ಹಾಟ್‌ಸ್ಪಾಟ್ ಬೇಕು. "ಆಂಡ್ರಾಯ್ಡ್ ಆಟೊ" ಎಂದರೆ ಮೇಲೆ ಹೇಳಿದ ತೊಗಲುಗೊಂಬೆ. "ಆಂಡ್ರಾಯ್ಡ್ ಆಟೊಮೋಟಿವ್" ಎಂಬ ಮೂರನೆಯದು ಕಾರ್ಖಾನೆಯಲ್ಲೇ ಕಾರಿನೊಳಗೆ ಕೂರಿಸುವ ವ್ಯವಸ್ಥೆ, ಅದನ್ನು ಕೊಂಡು ತಂದು ಹಾಕಲು ಬರುವುದಿಲ್ಲ. ಆಂಡ್ರಾಯ್ಡ್ ಸ್ಟೀರಿಯೊ ಕೊಂಡವರಿಗೆ ಆಂಡ್ರಾಯ್ಡ್ ಆಟೊ ಸಿಕ್ಕೇ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಇನ್ನು "ಮಿರರ್ ಲಿಂಕ್ ಇದೆ" ಎಂದು ಅಗ್ಗದ ಪೆಟ್ಟಿಗೆಗಳ ಮೇಲೆ ಬರೆದಿರುವುದಕ್ಕೂ ಆ ಹಳೆಯ ಪದ್ಧತಿಗೂ ಸಾಮಾನ್ಯವಾಗಿ ಸಂಬಂಧವಿಲ್ಲ. ಫೋನಿನ ಪರದೆಯ ಪಡಿಯಚ್ಚನ್ನು ತೋರಿಸುತ್ತದೆ, ಹಲವು ಬಾರಿ ಮುಟ್ಟಿದರೆ ಪ್ರತಿಕ್ರಿಯೆಯೇ ಇರುವುದಿಲ್ಲ. ಅಗ್ಗದ ಆಂಡ್ರಾಯ್ಡ್ ಸೆಟ್‌ಗಳಲ್ಲಿ ರ‍್ಯಾಮ್ ಮತ್ತು ಆಂಡ್ರಾಯ್ಡ್ ಆವೃತ್ತಿಯ ಅಂಕಿಗಳನ್ನು ಸೆಟ್ಟಿಂಗ್ಸ್ ಪುಟದಲ್ಲೇ ಸುಳ್ಳಾಗಿ ತೋರಿಸುವ ಕಲೆಯೂ ಬೆಳೆದಿದೆ. ನನ್ನ ಸಲಹೆ ಒರಟಾಗಿದೆ: ಅಂಗಡಿಯಲ್ಲಿ ನಿಮ್ಮದೇ ಫೋನು, ನಿಮ್ಮದೇ ಕೇಬಲ್ ಸಿಕ್ಕಿಸಿ, ಹತ್ತು ನಿಮಿಷ ನಕ್ಷೆ ಓಡಿಸಿ ನೋಡಿದ ಮೇಲೆಯೇ ಹಣ ಕೊಡಿ.

ಹಾಗಾಗಿ ಭಾವನ ಮಟ್ಟಿಗೆ ಎರಡನೆಯ ಅಂಗಡಿಯವರೇ ಗೆದ್ದರು. ಸೆಟ್ ಬದಲಿಸಬೇಕು. ಇದು ಬೆದರಿಸುವಷ್ಟು ಕಷ್ಟವಲ್ಲ, ಬೇಕಾಬಿಟ್ಟಿ ಮಾಡುವಷ್ಟು ಸುಲಭವೂ ಅಲ್ಲ.

ಕಾರಿನ ಸ್ಟೀರಿಯೊಗಳಿಗೆ ಹಳೆಯದೊಂದು ಅಳತೆ ಇದೆ, ಜರ್ಮನಿಯಿಂದ ಬಂದ ಡಿನ್. ಒಂದು ಡಿನ್ ಎಂದರೆ 180 ಮಿಲಿಮೀಟರ್ ಅಗಲ, 50 ಎತ್ತರ. ಡಬಲ್ ಡಿನ್ ಎಂದರೆ ಅದರ ಎರಡರಷ್ಟು ಎತ್ತರ. ನಿಮ್ಮ ಕಾರಿನ ಡ್ಯಾಶ್‌ಬೋರ್ಡ್ ವಿಚಿತ್ರ ಆಕಾರದ್ದಾಗಿದ್ದರೆ ಆ ಮಾದರಿಗೆಂದೇ ಮಾಡಿದ ಪ್ಲಾಸ್ಟಿಕ್ ಫ್ರೇಮ್ ಸಿಗುತ್ತದೆ. ಫ್ರೇಮ್‌ಗಿಂತ ಮುಖ್ಯವಾದದ್ದು ಕಪ್ಲರ್, ಅಂದರೆ ಕಾರಿನ ಮೂಲ ವೈರಿಂಗ್‌ನ ಪ್ಲಗ್‌ಗೆ ಒಂದು ತುದಿ, ಹೊಸ ಸೆಟ್‌ಗೆ ಇನ್ನೊಂದು ತುದಿ ಇರುವ ಜೋಡಣೆ. ಕಪ್ಲರ್ ಇದ್ದರೆ ಕಾರಿನ ಒಂದೇ ಒಂದು ತಂತಿಯನ್ನೂ ಕತ್ತರಿಸಬೇಕಾಗಿಲ್ಲ, ನಾಳೆ ಹಳೆಯ ಸೆಟ್ ವಾಪಸು ಹಾಕಬೇಕೆಂದರೂ ಹಾಕಬಹುದು. "ಕಪ್ಲರ್ ಬೇಡ ಸರ್, ತಂತಿ ಕತ್ತರಿಸಿ ಟೇಪ್ ಸುತ್ತಿಬಿಡುತ್ತೇವೆ" ಎಂಬ ಮಾತು ಬಂದ ಅಂಗಡಿಯಿಂದ ಎದ್ದು ಬರುವುದು ಒಳ್ಳೆಯದು. ನಾನು ಎದ್ದು ಬರಲಿಲ್ಲ, ಆರೇಳು ವರ್ಷಗಳ ಹಿಂದೆ, ನನ್ನ ಮೊದಲ ಕಾರಿನ ಸಂದರ್ಭದಲ್ಲಿ.

ಸೆಟ್‌ಗೆ ಬರುವ ವಿದ್ಯುತ್ತಿನ ತಂತಿಗಳಲ್ಲಿ ಎರಡನ್ನು ಎಲ್ಲರೂ ತಿಳಿದಿರಬೇಕು. ಮಾರುಕಟ್ಟೆಯ ಸೆಟ್‌ಗಳಲ್ಲಿ ಹಳದಿ ತಂತಿಗೆ ಯಾವಾಗಲೂ 12 ವೋಲ್ಟ್ ಬೇಕು, ಗಡಿಯಾರ ಮತ್ತು ರೇಡಿಯೊ ಚಾನೆಲ್‌ಗಳ ನೆನಪು ಉಳಿಯಲು. ಕೆಂಪು ತಂತಿಗೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರಬೇಕು. ಸೆಟ್ ಏಳುವುದೂ ಮಲಗುವುದೂ ಅದನ್ನು ನೋಡಿಯೇ. ನನ್ನ ಆ ಮೊದಲ ಕಾರಿನಲ್ಲಿ ಅಂಗಡಿಯ ಹುಡುಗ ಎರಡನ್ನೂ ಒಟ್ಟಿಗೆ ಹೊಸೆದು ಬಿಟ್ಟಿದ್ದ. ಗುಂಡಿ ಒತ್ತಿದರೆ ಪರದೆ ಆರುತ್ತಿತ್ತು, ಒಳಗಿನ ಸೆಟ್ ಮಲಗುತ್ತಿರಲಿಲ್ಲ. ಲೆಕ್ಕ ಹಾಕಿ: ಹೀಗೆ ಎಚ್ಚರವಾಗಿರುವ ಸೆಟ್ 0.3 ಆಂಪಿಯರ್ ಎಳೆದರೆ ದಿನಕ್ಕೆ 7.2 ಆಂಪಿಯರ್-ಗಂಟೆ. ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿ ಸುಮಾರು 35 ಆಂಪಿಯರ್-ಗಂಟೆಯದು. ಮದುವೆಗೆಂದು ಬಸ್ಸಿನಲ್ಲಿ ಹೋಗಿ ನಾಲ್ಕು ದಿನ ಬಿಟ್ಟು ಮನೆಗೆ ಬಂದಾಗ ಕಾರು "ಟಿಕ್" ಎಂದು ಸುಮ್ಮನಾಯಿತು. ಪಕ್ಕದ ಮನೆಯವರ ಕಾರಿನಿಂದ ತಂತಿ ಕೊಟ್ಟು ಎಬ್ಬಿಸಿದೆವು. ಬ್ಯಾಟರಿ ಕೆಟ್ಟಿದೆಯೆಂದು ಹೊಸದನ್ನು ಹಾಕಿಸಿದೆ. ಅದೂ ಮುಂದಿನ ತಿಂಗಳು ಮಲಗಿದಾಗಲೇ ಬುದ್ಧಿ ಬಂದದ್ದು. ಈಗ ಸೆಟ್ ಹಾಕಿಸಿದ ಕೂಡಲೇ ಮಲ್ಟಿಮೀಟರ್ ಹಿಡಿದು, ಕೀ ತೆಗೆದು, ಕಾಲು ಗಂಟೆ ಬಿಟ್ಟು ಬ್ಯಾಟರಿಯಿಂದ ಎಷ್ಟು ಕರೆಂಟ್ ಹೋಗುತ್ತಿದೆ ಎಂದು ನೋಡುತ್ತೇನೆ. 50 ಮಿಲಿಆಂಪಿಯರ್ ಒಳಗಿದ್ದರೆ ನಿದ್ದೆ ಬರುತ್ತದೆ, ಕಾರಿಗೂ ನನಗೂ.

ಸ್ಟೀರಿಂಗ್ ಚಕ್ರದ ಮೇಲೆ ಧ್ವನಿ ಹೆಚ್ಚಿಸುವ ಗುಂಡಿಗಳಿದ್ದರೆ ಇನ್ನೊಂದು ಪ್ರಶ್ನೆ ಬರುತ್ತದೆ. ಕೆಲವು ಕಾರುಗಳಲ್ಲಿ ಅವು ಸರಳ. ಒಂದೊಂದು ಗುಂಡಿ ಒತ್ತಿದಾಗ ಒಂದೊಂದು ಅಳತೆಯ ರೆಸಿಸ್ಟರ್, ಅಂದರೆ ಕರೆಂಟಿಗೆ ಅಡ್ಡಿಯೊಡ್ಡುವ ಬಿಡಿಭಾಗ, ಸೇರಿಕೊಳ್ಳುತ್ತದೆ, ಹೊಸ ಸೆಟ್‌ಗೆ ಗುಂಡಿಗಳನ್ನು ಒಂದೊಂದಾಗಿ ಕಲಿಸಿಕೊಡಬಹುದು. ಇನ್ನು ಕೆಲವು ಕಾರುಗಳಲ್ಲಿ ಗುಂಡಿಯ ಸುದ್ದಿ ಕ್ಯಾನ್ ಬಸ್ ಮೂಲಕ ಹೋಗುತ್ತದೆ. ಅದು ಬಾಷ್ ಕಂಪನಿ 1986ರಲ್ಲಿ ಲೋಕಕ್ಕೆ ಪರಿಚಯಿಸಿದ ವ್ಯವಸ್ಥೆ. ಎರಡೇ ತಂತಿಯ ಮೇಲೆ ಎಂಜಿನ್, ಬ್ರೇಕ್, ಬಾಗಿಲು, ದೀಪ ಎಲ್ಲವೂ ಸರದಿಯಂತೆ ಮಾತನಾಡುವ ಹಳ್ಳಿಕಟ್ಟೆ. ಅಂಥ ಕಾರಿನಲ್ಲಿ ಹೊಸ ಸೆಟ್‌ಗೆ ಆ ಮಾತು ತಿಳಿಯಬೇಕಾದರೆ ನಡುವೆ ಡಿಕೋಡರ್ ಡಬ್ಬಿ ಬೇಕು, ಅದೂ ನಿಮ್ಮ ಮಾದರಿಗೆ ಹೊಂದುವಂಥದ್ದೇ. ಅದಿಲ್ಲದೆ ಹಾಕಿದರೆ ಗುಂಡಿಗಳು ಸಾಯುತ್ತವೆ, ಕೆಲವು ಕಾರುಗಳಲ್ಲಿ ರಿವರ್ಸ್ ಸೆನ್ಸರಿನ ಬೀಪ್ ಶಬ್ದವೂ ಹೋಗುತ್ತದೆ, ಏಕೆಂದರೆ ಆ ಸದ್ದು ಹೊರಡುತ್ತಿದ್ದದ್ದೇ ಹಳೆಯ ಸೆಟ್ ಮೂಲಕ. ಎಸಿಯ ನಿಯಂತ್ರಣವೂ ಅದೇ ಪರದೆಯೊಳಗಿರುವ ದುಬಾರಿ ಕಾರುಗಳಲ್ಲಿ ಸೆಟ್ ಬದಲಿಸುವ ಯೋಚನೆಯನ್ನೇ ಬಿಡಿ. ಅವಕ್ಕೆ ಮೂಲ ಪರದೆಗೆ ಹೊರಗಿನಿಂದ ಚಿತ್ರ ಕೊಡುವ ಪ್ರತ್ಯೇಕ ಇಂಟರ್‌ಫೇಸ್ ಡಬ್ಬಿಗಳಿವೆ.

ಪೆಟ್ಟಿಗೆಯ ಮೇಲಿನ "50 ವಾಟ್ × 4" ಎಂಬ ಬರಹಕ್ಕೆ ಮರುಳಾಗಬೇಡಿ. 14.4 ವೋಲ್ಟ್‌ನಲ್ಲಿ 4 ಓಮ್ ಸ್ಪೀಕರಿಗೆ, ಪ್ರತ್ಯೇಕ ಆ್ಯಂಪ್ಲಿಫೈಯರ್ ಇಲ್ಲದೆ, ಒಡೆಯದ ದನಿಯಲ್ಲಿ ಕೊಡಬಹುದಾದದ್ದು ಹೆಚ್ಚೆಂದರೆ 26 ವಾಟ್. ಅದು ಓಮ್‌ನ ನಿಯಮದ ಮಿತಿ.

ಡ್ಯಾಶ್‌ಬೋರ್ಡನ್ನೇ ಬಿಚ್ಚಲು ಇಷ್ಟವಿಲ್ಲದವರಿಗೆ ಮೇಲೆ ಅಂಟಿಸಿಕೊಳ್ಳುವ ಪುಟ್ಟ ಪರದೆಗಳು ಬಂದಿವೆ, ಆಂಡ್ರಾಯ್ಡ್ ಆಟೊ ಸಮೇತ. ದನಿಯನ್ನು ಕಾರಿನ ಸ್ಪೀಕರಿಗೆ ಎಫ್‌ಎಂ ಮೂಲಕ ಕಳುಹಿಸುವುದಕ್ಕಿಂತ ಹೆಡ್‌ಫೋನ್ ಪಿನ್ನಿನಂಥ ತುದಿಯಿರುವ ಆಕ್ಸ್ ತಂತಿ ಎಷ್ಟೋ ಮೇಲು. ಅಂಟಿಸುವಾಗ ಗಾಳಿಚೀಲ (ಏರ್‌ಬ್ಯಾಗ್) ಬಿಚ್ಚಿಕೊಳ್ಳುವ ಜಾಗಕ್ಕೂ ಚಾಲಕನ ನೋಟಕ್ಕೂ ಅಡ್ಡ ಬರಬಾರದು.

ಎಲ್ಲ ಸರಿಯಾದ ಮೇಲೂ ಬರುವ ದೂರುಗಳಲ್ಲಿ ಬಹುಪಾಲು ಕೇಬಲ್‌ನವು. ಚಾರ್ಜ್‌ಗೆಂದು ಕೊಂಡ ಸಣ್ಣ ಬೆಲೆಯ ಕೇಬಲ್‌ನಲ್ಲಿ ಮಾಹಿತಿಯ ತಂತಿ ಇರುವುದಿಲ್ಲ, ಇದ್ದರೂ ಕೂದಲಿನಂತೆ ತೆಳ್ಳಗಿರುತ್ತದೆ. ರೋಡ್ ಹಂಪ್ ಹಾರಿದಾಗಲೆಲ್ಲ ನಕ್ಷೆ ಮಾಯವಾದರೆ ಸೆಟ್ಟನ್ನು ಬೈಯುವ ಮೊದಲು ಒಂದು ಮೀಟರಿಗಿಂತ ಚಿಕ್ಕದಾದ ಒಳ್ಳೆಯ ಕೇಬಲ್ ಹಾಕಿ ನೋಡಿ, ಫೋನಿನ ಕಿಂಡಿಯಲ್ಲಿ ಸೇರಿರುವ ಜೇಬಿನ ನೂಲನ್ನು ಹಲ್ಲುಕಡ್ಡಿಯಿಂದ ತೆಗೆಯಿರಿ. ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲಿಗೆ ಇನ್ನೊಂದು ತಾಪತ್ರಯವಿದೆ. ತಂತಿಯಿಲ್ಲದ ಸಂಪರ್ಕದಲ್ಲಿ ಫೋನು ಏಕಕಾಲಕ್ಕೆ ವಿಡಿಯೊ ಮಡಚುತ್ತದೆ, ವೈಫೈ ಓಡಿಸುತ್ತದೆ, ಜಿಪಿಎಸ್ ಹಿಡಿಯುತ್ತದೆ; ಅದರ ಮೇಲೆ ವೈರ್‌ಲೆಸ್ ಚಾರ್ಜರ್ ಮೇಲಿಟ್ಟರೆ ಕಾದ ಕಾವಲಿಯಾಗಿ, ತನ್ನನ್ನು ಉಳಿಸಿಕೊಳ್ಳಲು ಕೆಲಸ ನಿಧಾನಿಸುತ್ತದೆ. ಎಸಿ ಗಾಳಿ ತಾಗುವ ಕಡೆ ಇಡಿ. ಇನ್ನು ಚಿತ್ರದುರ್ಗದ ಜೋಗಿಮಟ್ಟಿಯ ಕಡೆ ಹತ್ತುವಾಗ ನೆಟ್‌ವರ್ಕ್ ಕೈಕೊಟ್ಟರೆ ದೊಡ್ಡ ಪರದೆ ಇದ್ದೂ ಪ್ರಯೋಜನವಿಲ್ಲ. ಆಟ ಫೋನಿನದೇ ಆದ್ದರಿಂದ, ಮನೆಯಲ್ಲೇ ಆ ಪ್ರದೇಶದ ನಕ್ಷೆಯನ್ನು ಫೋನಿಗೆ ಇಳಿಸಿಕೊಂಡಿದ್ದರೆ ಕಾರಿನ ಪರದೆಯಲ್ಲೂ ಅದು ಕಾಣುತ್ತದೆ.

ಕಾನೂನಿನ ಮಾತು ಚಿಕ್ಕದು. ಚಾಲಕ ಫೋನನ್ನು ದಾರಿ ನೋಡುವುದಕ್ಕೆ ಮಾತ್ರ, ಗಮನ ತಪ್ಪದ ಹಾಗೆ ಬಳಸಬಹುದೆಂದು 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮ ಹೇಳುತ್ತದೆ. ವಿಮೆಯವರಿಗೂ ತಿಳಿಸಿ. ಕಾರ್ಖಾನೆಯ ಬೆಲೆಯಲ್ಲಿ ಸೇರದ ಎಲೆಕ್ಟ್ರಾನಿಕ್ ಸಾಮಗ್ರಿಗೆ ಅದರ ಬೆಲೆಯ ಶೇಕಡಾ 4ರಷ್ಟು ಹೆಚ್ಚುವರಿ ಪ್ರೀಮಿಯಂ ಎಂಬುದು ನಮ್ಮ ಮೋಟಾರು ವಿಮೆಯಲ್ಲಿ ಹಿಂದಿನಿಂದ ಬಂದ ಲೆಕ್ಕ. ತಿಳಿಸದಿದ್ದರೆ ಕಳವಾದ ದಿನ ಆ ಸೆಟ್ ಲೆಕ್ಕಕ್ಕಿಲ್ಲ.

ಭಾವನ ಕಾರಿಗೆ ಕೊನೆಗೆ ಆಂಡ್ರಾಯ್ಡ್ ಸ್ಟೀರಿಯೊ ಹಾಕಿಸಲಿಲ್ಲ. ಆಂಡ್ರಾಯ್ಡ್ ಆಟೊ ಮತ್ತು ಕಾರ್‌ಪ್ಲೇ ಎರಡಕ್ಕೂ ಒಪ್ಪಿಗೆ ಪಡೆದ, ತನ್ನದೇ ಆ್ಯಪ್‌ಗಳ ಗೊಡವೆ ಇಲ್ಲದ ಸರಳ ಡಬಲ್ ಡಿನ್ ಸೆಟ್ ಒಂದನ್ನು, ಫ್ರೇಮ್ ಮತ್ತು ಕಪ್ಲರ್ ಸಮೇತ, ಎರಡನೆಯ ಅಂಗಡಿಯಲ್ಲೇ ಹಾಕಿಸಿದೆವು. ಬುದ್ಧಿ ಫೋನಿನಲ್ಲೇ ಇರುವುದರಿಂದ ಐದು ವರ್ಷದ ನಂತರ ಫೋನು ಬದಲಿಸಿದರೆ ಕಾರೂ ಹೊಸದಾಗುತ್ತದೆ ಎಂಬುದು ನನ್ನ ವಾದವಾಗಿತ್ತು. ಕೆಲಸ ಮುಗಿಯುವಷ್ಟರಲ್ಲಿ ನಾವು ಎರಡು ಸುತ್ತು ಮಂಡಕ್ಕಿ ಮಿರ್ಚಿ ಮುಗಿಸಿದ್ದೆವು.

ಭಾವ ಮೊದಲು ತಮ್ಮ ಹಳೆಯ ಪೆನ್‌ಡ್ರೈವ್ ಚುಚ್ಚಿದರು. ಹಾಡು ಬಂತು, ಹೆಸರಿನ ಜಾಗದಲ್ಲಿ ಮತ್ತೆ ಅದೇ ಖಾಲಿ ಚೌಕಗಳು. "ಇಷ್ಟು ದುಡ್ಡು ಸುರಿದರೂ ಇದಕ್ಕೆ ಕನ್ನಡ ಬರುವುದಿಲ್ಲವಲ್ಲ!" ಎಂದು ನನ್ನ ಮುಖ ನೋಡಿದರು. ಹೊಸ ಸೆಟ್ಟಿನೊಳಗೂ ಕನ್ನಡದ ಅಕ್ಷರಗಳಿರಲಿಲ್ಲ. "ಭಾವ, ಪೆನ್‌ಡ್ರೈವ್ ತೆಗೆದು ಫೋನ್ ಸಿಕ್ಕಿಸಿ" ಎಂದೆ. ಫೋನು ಎರಡು ಬಾರಿ ಸದ್ದು ಮಾಡಿತು, ಪರದೆ ಒಮ್ಮೆ ಕಪ್ಪಾಗಿ ಬೆಳಗಿತು. ಅದೇ ಹಾಡು, ಹೆಸರು ದುಂಡಗಿನ ಕನ್ನಡದಲ್ಲಿ, ಒತ್ತಕ್ಷರ ಸಮೇತ. ಅಕ್ಷರ ಬರೆಯುತ್ತಿದ್ದದ್ದು ಅವರ ಜೇಬಿನಿಂದ ಹೊರಬಂದ ಫೋನು. ಭಾವ ಕೀ ತಿರುಗಿಸಿ, ಕಣ್ಣು ಮುಚ್ಚಿದರೂ ಹೋಗಬಲ್ಲ ತಮ್ಮ ಮನೆಗೆ ನಕ್ಷೆ ಹಾಕಿಕೊಂಡು ಹೊರಟರು.